ಪಿಂಚಣಿದಾರ ಗೂಢಚಾರರು

(ತುಮಕೂರು ಸುತ್ತಮುತ್ತ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಒಂದು ಪಿಂಚಣಿ ಚೆಕ್ಕಿನಿಂದ ಶುರು ಮಾಡೋಣ. 2010ರಲ್ಲಿ ಬಂದ ‘ರೆಡ್’ ಚಿತ್ರದ ನಾಯಕ ಫ್ರಾಂಕ್ ಮೋಸೆಸ್ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಿಂದ ನಿವೃತ್ತನಾಗಿ, ಕ್ಲೀವ್‌ಲ್ಯಾಂಡಿನ ಒಂದು ಬಡಾವಣೆಯಲ್ಲಿ ಒಂಟಿಯಾಗಿ ಇದ್ದಾನೆ. ಬಂದ ಪಿಂಚಣಿ ಚೆಕ್ಕನ್ನು ತಾನೇ ಹರಿದು ಹಾಕುತ್ತಾನೆ. ಆಮೇಲೆ ಚೆಕ್ಕು ಬಂದೇ ಇಲ್ಲ ಅಂತ ಕ್ಯಾನ್ಸಾಸ್ ಸಿಟಿಯ ಪಿಂಚಣಿ ಕಚೇರಿಗೆ ಫೋನ್ ಮಾಡುತ್ತಾನೆ. ಯಾಕೆ ಅಂದರೆ, ಅಲ್ಲಿ ಫೋನ್ ಎತ್ತುವ ಸಾರಾ ಅನ್ನೋ ಹೆಂಗಸಿನ ಜೊತೆ ನಾಲ್ಕು ಮಾತು ಆಡಬೇಕು, ಅಷ್ಟೇ.

ಇದರಲ್ಲಿ ಬಂದೂಕೂ ಇಲ್ಲ, ಬೆನ್ನಟ್ಟೋದೂ ಇಲ್ಲ. ಆದರೂ ಈ ಮನುಷ್ಯ ಎಂಥವನು ಅಂತ ನಮಗೆ ಪೂರ್ತಿ ಗೊತ್ತಾಗಿಬಿಡುತ್ತೆ. ದುಡ್ಡಿನ ಚಿಂತೆ ಇಲ್ಲ, ಹೊತ್ತು ಹೋಗುತ್ತಿಲ್ಲ, ಸುಳ್ಳು ಹೇಳುವಾಗ ದನಿ ನಡುಗುವುದಿಲ್ಲ. ಮುಂದೆ ಅವನು ಮಾಡೋ ಅಷ್ಟೂ ಕೆಲಸದ ಬೀಜ ಈ ಒಂದು ಫೋನ್ ಕರೆಯಲ್ಲಿದೆ. ನಿಮ್ಮಲ್ಲಿ ಕಥೆ ಬರೆಯುವವರು ಯಾರಾದರೂ ಇದ್ದರೆ ಈ ಮೊದಲ ಹತ್ತು ನಿಮಿಷವನ್ನು ಧ್ವನಿ ಮುಚ್ಚಿ ಒಂದು ಸಲ, ಚಿತ್ರ ಮುಚ್ಚಿ ಬರೀ ಧ್ವನಿ ಕೇಳುತ್ತಾ ಇನ್ನೊಂದು ಸಲ ನೋಡಿ. ಎರಡರಲ್ಲೂ ಕಥೆ ತಿಳಿಯುತ್ತೆ.

ವಯಸ್ಸಾದವರ ಕೈಗೆ ಬಂದೂಕು ಕೊಟ್ಟರೆ ಜನ ನಗುತ್ತಾರೆ ಅನ್ನೋ ಲೆಕ್ಕದಲ್ಲಿ ಇಂಥ ಚಿತ್ರಗಳಿಗೆ ಕೈ ಹಾಕುವವರು ಬಹಳ. ಮಂಡಿ ನೋವು, ಕನ್ನಡಕ ಮರೆತದ್ದು, ಬಿಪಿ ಮಾತ್ರೆ ಇವೆಲ್ಲ ಸೇರಿ ಹತ್ತು ನಿಮಿಷ ನಡೆಸುತ್ತವೆ. ಹನ್ನೊಂದನೇ ನಿಮಿಷಕ್ಕೆ ಜನ ಮೊಬೈಲ್ ತೆಗೆಯುತ್ತಾರೆ. ‘ರೆಡ್’ನಲ್ಲಿ ನಗು ಬರೋದು ಬೇರೆ ಕಡೆಯಿಂದ. ಎದುರಾಳಿ ಹುಡುಗರು ಮೂವತ್ತು ಗುಂಡು ಸುಡುವಲ್ಲಿ ಇವರು ಒಂದು ಸುಡುತ್ತಾರೆ. ಅವರು ಓಡುವಾಗ ಇವರು ನಡೆಯುತ್ತಾರೆ. ಅನುಭವ ಅಂದರೆ ಬೇಡದ್ದನ್ನು ಮಾಡದೇ ಇರೋದು. ಆ ಉಳಿತಾಯವನ್ನು ತೆರೆಯ ಮೇಲೆ ಕಾಣಿಸುವ ಹಾಗೆ ಮಾಡಿದಾಗ ನಗುವೂ ಹುಟ್ಟುತ್ತೆ, ಮರ್ಯಾದೆಯೂ ಉಳಿಯುತ್ತೆ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ಮೂಲ ಕೃತಿ ನೋಡಿದರೆ ಆಶ್ಚರ್ಯ ಆಗುತ್ತೆ. ವಾರೆನ್ ಎಲ್ಲಿಸ್ ಬರೆದು ಕಲ್ಲಿ ಹ್ಯಾಮ್ನರ್ ಚಿತ್ರ ಬರೆದ ಕಾಮಿಕ್ಸ್ ಅದು, ಮೂರೇ ಸಂಚಿಕೆ, 2003-04ರಲ್ಲಿ ಬಂತು. ಅದರಲ್ಲಿ ನಗು ಅನ್ನೋದು ಹುಡುಕಿದರೂ ಸಿಗಲ್ಲ. ಒಬ್ಬ ಒಂಟಿ ಮನುಷ್ಯ, ರಕ್ತ, ಸೇಡು. ಅಲ್ಲಿ ನಾಯಕನ ಹೆಸರು ಪಾಲ್ ಮೋಸೆಸ್. ಚಿತ್ರಕಥೆ ಬರೆದ ಜಾನ್ ಮತ್ತು ಎರಿಕ್ ಹೋಬರ್ ಮುಖ್ಯವಾಗಿ ಮಾಡಿದ್ದು ಜನರನ್ನು ಸೇರಿಸುವ ಕೆಲಸ. ವೃದ್ಧಾಶ್ರಮದಲ್ಲಿರುವ ಜೋ, ಜೌಗು ಪ್ರದೇಶದಲ್ಲಿ ಅಡಗಿರುವ ಮಾರ್ವಿನ್, ಹೂವು ಜೋಡಿಸುತ್ತಾ ಕೂತಿರುವ ವಿಕ್ಟೋರಿಯಾ, ಹಳೇ ಶತ್ರುವಾದ ರಷ್ಯದ ಇವಾನ್. ಒಬ್ಬಂಟಿ ಕೊಲೆಗಾರ ಮೌನವಾಗಿದ್ದರೆ ಅದು ಭಯ. ಅದೇ ಮೌನವನ್ನು ಪಕ್ಕದಲ್ಲಿ ಕೂತ ಸಾರಾ ಕಣ್ಣರಳಿಸಿ ನೋಡಿದರೆ ಅದು ಹಾಸ್ಯ. ನೋಡೋಕೆ ಒಬ್ಬರು ಬೇಕು ಹಾಸ್ಯಕ್ಕೆ. ಸಾರಾ ಇಲ್ಲದೆ ಈ ಚಿತ್ರ ತೆಗೆದಿದ್ದರೆ ಅದೇ ಕಾಮಿಕ್ಸ್ ಮತ್ತೆ ಆಗ್ತಿತ್ತು.

ಈಗ ಒಂದು ದೃಶ್ಯ ಬಿಡಿಸಿ ನೋಡೋಣ. ರಾತ್ರಿ ಫ್ರಾಂಕನ ಮನೆಗೆ ಕೊಲೆಗಾರರ ತಂಡ ನುಗ್ಗುತ್ತೆ. ಒಳಗೆ ಬಂದವರನ್ನು ಅವನು ಸದ್ದಿಲ್ಲದೆ ಮುಗಿಸುತ್ತಾನೆ. ಹೊರಗಿರುವವರಿಗಾಗಿ ಒಂದು ಹಿಡಿ ಗುಂಡು ಬಾಣಲೆಗೆ ಹಾಕಿ ಒಲೆ ಹಚ್ಚುತ್ತಾನೆ. ಅವು ಸಿಡಿಯುತ್ತವೆ, ಒಳಗಿಂದ ಯಾರೋ ಸುಡುತ್ತಿದ್ದಾರೆ ಅಂತ ಹೊರಗಿನವರು ನಂಬುತ್ತಾರೆ.

ಇಲ್ಲಿ ಬರೆದವರಿಗೆ ವಿಷಯ ಗೊತ್ತಿದೆ. ಬಂದೂಕಿನೊಳಗೆ ಗುಂಡು ಹಾರುವುದು ಹೇಗೆ ಅಂದರೆ, ಮದ್ದು ತುಂಬಿದ ಹಿತ್ತಾಳೆ ಕೊಳವೆಯನ್ನು ಉಕ್ಕಿನ ಕೋಣೆ ಸುತ್ತಲಿಂದ ಬಿಗಿಯಾಗಿ ಹಿಡಿದಿರುತ್ತೆ. ಅನಿಲದ ಒತ್ತಡಕ್ಕೆ ಮುಂದೆ ಹೋಗೋದು ಬಿಟ್ಟರೆ ಬೇರೆ ದಾರಿ ಇಲ್ಲ. ಹಾಗಾಗಿ 9 ಮಿ.ಮೀ. ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ವೇಗ ಪಡೆಯುತ್ತೆ. ಬಾಣಲೆಯಲ್ಲಿ ಹಿಡಿದುಕೊಳ್ಳುವವರು ಯಾರೂ ಇಲ್ಲ. ಮದ್ದು ಹೊತ್ತಿದ ತಕ್ಷಣ ಕೊಳವೆ ಬಿರಿಯುತ್ತೆ, ಒತ್ತಡ ಎಲ್ಲ ಕಡೆ ಚೆದುರುತ್ತೆ. ಸೀಸದ ತುದಿ ಏಳೂವರೆ ಗ್ರಾಂ ತೂಗಿದರೆ ಹಿತ್ತಾಳೆ ಕೊಳವೆ ನಾಲ್ಕು ಗ್ರಾಂ ಇರಬಹುದು. ಹಗುರಾದದ್ದೇ ಜೋರಾಗಿ ಹಾರುತ್ತೆ, ಭಾರದ್ದು ಅಲ್ಲೇ ಪಕ್ಕಕ್ಕೆ ಬೀಳುತ್ತೆ. ಅಂದರೆ ಸದ್ದು ನಿಜ, ಗುಂಡು ಸುಳ್ಳು. ಫ್ರಾಂಕಿಗೆ ಬೇಕಾಗಿದ್ದದ್ದು ಸದ್ದು ಮಾತ್ರ. ಚಿತ್ರದಲ್ಲಿ ಅವಸರ ಇದೆ, ನಿಜದಲ್ಲಿ ಬಾಣಲೆ ಕಾದು ಮದ್ದು ಹೊತ್ತುವಷ್ಟು ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು. (ಯಾರೂ ಪರೀಕ್ಷೆ ಮಾಡೋಕೆ ಹೋಗಬೇಡಿ. ಹಾರಿದ ಹಿತ್ತಾಳೆ ಚೂರು ಕಣ್ಣು ತೆಗೆಯುತ್ತೆ.)

ಈ ದೃಶ್ಯದ ಲೆಕ್ಕಾಚಾರ ಗಮನಿಸಿ. ಎದುರಾಳಿಗಳ ಹತ್ತಿರ ಇಡೀ ಮನೆಯನ್ನು ಜರಡಿ ಮಾಡುವಷ್ಟು ಶಸ್ತ್ರ ಇದೆ, ಮಾಡುತ್ತಾರೆ ಕೂಡ. ಇವನ ಹತ್ತಿರ ಬಾಣಲೆ. ಅಡುಗೆಮನೆಯ ಸಾಮಾನು ಯಾರ ಕೈಗೆ ಬೇಕಾದರೂ ಸಿಗುತ್ತೆ. ಅದರಿಂದ ಏನಾಗುತ್ತೆ ಅನ್ನೋದು ವರ್ಷಗಟ್ಟಲೆ ಅದೇ ಕಸುಬು ಮಾಡಿದವನಿಗೆ ಮಾತ್ರ ಗೊತ್ತು.

ಇದು ನಮಗೆ ಹೊಸದೇನಲ್ಲ. ಇಲ್ಲೇ ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿ ಇತ್ತಲ್ಲ, ಅಲ್ಲಿಂದ ಬಂದ ನಟರನ್ನು ನೆನೆಸಿಕೊಳ್ಳಿ. ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು, ಅದೇ ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್, ಇಬ್ಬರೂ 1954ರಲ್ಲಿ ಒಂದೇ ಚಿತ್ರದಿಂದ ಹೆಸರು ಮಾಡಿದವರು. ಕಂಪನಿ ನಾಟಕದಲ್ಲಿ ಒಂದೇ ಪಾತ್ರವನ್ನು ರಾತ್ರಿ ರಾತ್ರಿ ಮಾಡಿ ಮಾಡಿ, ಎಲ್ಲಿ ಕೈ ಎತ್ತಬೇಕು ಅನ್ನೋದಕ್ಕಿಂತ ಎಲ್ಲಿ ಎತ್ತಬಾರದು ಅನ್ನೋದು ಮೈಗೆ ಹತ್ತಿಬಿಡುತ್ತೆ. ನಮ್ಮ ಸೀಮೆಯ ಮೂಡಲಪಾಯ ಯಕ್ಷಗಾನದ ಹಳೇ ಕಲಾವಿದರನ್ನೂ ನೋಡಿ. ಹುಡುಗ ರಂಗದ ಮೇಲೆ ಕುಣಿದು ಸುಸ್ತಾಗುತ್ತಾನೆ, ಹಿರಿಯರು ಒಂದು ಹೆಜ್ಜೆ ಇಟ್ಟು ನಿಂತರೆ ಜನ ಅವರನ್ನೇ ನೋಡುತ್ತಾರೆ.

ಗೂಢಚಾರರ ಮಾತು ಬಂದಿದ್ದರಿಂದ ಇನ್ನೊಂದು. ಕನ್ನಡದಲ್ಲಿ ಸಿಐಡಿ 999 ಅನ್ನೋ ಗೂಢಚಾರನಾಗಿ ರಾಜ್‌ಕುಮಾರ್ ಮೊದಲು ಬಂದದ್ದು 1968ರಲ್ಲಿ. ಭಾರತ ಸರ್ಕಾರ ‘ರಾ’ ಗುಪ್ತಚರ ಸಂಸ್ಥೆಯನ್ನು ಕಟ್ಟಿದ್ದೂ 1968ರಲ್ಲೇ, ಸೆಪ್ಟೆಂಬರಿನಲ್ಲಿ. ದೊರೆ-ಭಗವಾನ್ ಜೋಡಿ ಆ ಸರಣಿಯ ಕೊನೆಯ ಚಿತ್ರ ತಂದದ್ದು 1978ರಲ್ಲಿ, ಆಗ ರಾಜ್‌ಕುಮಾರ್‌ಗೆ 49 ತುಂಬುವ ವಯಸ್ಸು. ಆ ಗೂಢಚಾರ ನಿವೃತ್ತನಾದ ಮೇಲೆ ಏನಾದ ಅನ್ನೋ ಕಥೆಯನ್ನು ಯಾರೂ ಮಾಡಲಿಲ್ಲ. ನನ್ನ ಮಟ್ಟಿಗೆ ಅದೊಂದು ನಷ್ಟ.

ವಯಸ್ಸಿನ ಲೆಕ್ಕ ಹೇಳಿಬಿಡುತ್ತೇನೆ, ತಮಾಷೆಯಾಗಿದೆ. ‘ರೆಡ್’ ಬಿಡುಗಡೆಯಾದಾಗ ಫ್ರಾಂಕ್ ಪಾತ್ರದ ಬ್ರೂಸ್ ವಿಲ್ಲಿಸ್‌ಗೆ 55. ನಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಾಗಿದ್ದರೆ ಇನ್ನೂ ಐದು ವರ್ಷ ಸರ್ವಿಸ್ ಬಾಕಿ! ವಿಕ್ಟೋರಿಯಾ ಪಾತ್ರದ ಹೆಲನ್ ಮಿರನ್‌ಗೆ 65. ಮಾರ್ಗನ್ ಫ್ರೀಮನ್‌ಗೆ 73, ಮಾಡಿದ್ದು 80 ವರ್ಷದ ಜೋ ಪಾತ್ರ. ಕಡತಗಳ ಕೋಣೆಯ ಹಿರಿಯನಾಗಿ ಎರಡೇ ದೃಶ್ಯದಲ್ಲಿ ಬರುವ ಅರ್ನೆಸ್ಟ್ ಬೋರ್ಗ್ನೈನ್‌ಗೆ 93. ಹೊಡೆದಾಟದ ಭಾರವನ್ನೆಲ್ಲ 55ರವನ ಮೇಲೆ ಹಾಕಿದ್ದಾರೆ, 73ರವರಿಗೆ ಮಾತು ಮತ್ತು ಸಾವು ಕೊಟ್ಟಿದ್ದಾರೆ, 93ರವರಿಗೆ ಒಂದು ಕಡತ ಎತ್ತಿ ಕೊಡುವ ಕೆಲಸ. ಆ ಕಡತ ಕೊಡುವ ದೃಶ್ಯದಲ್ಲಿ ಗತ್ತು ಕಡಿಮೆಯೇನಿಲ್ಲ. ಪಾತ್ರ ಹಂಚುವಾಗ ಮೈ ನೋಡಿ ಕೆಲಸ ಹಂಚಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ.

ಎಲ್ಲರಿಗೂ ನೆನಪಿರುವ ಶಾಟ್ ಯಾವುದು? ಗಿರಗಿರನೆ ತಿರುಗುತ್ತಿರುವ ಕಾರಿನಿಂದ ಫ್ರಾಂಕ್ ಬಂದೂಕು ಸುಡುತ್ತಾ ಆರಾಮಾಗಿ ಇಳಿದು ನಡೆಯುವುದು. ಅಸಾಧ್ಯ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ, ಲೆಕ್ಕ ಹಾಕಿ. ಕಾರು ಒಂದೂವರೆ ಸೆಕೆಂಡಿನಲ್ಲಿ ಅರ್ಧ ಸುತ್ತು ತಿರುಗಿತು ಅಂತ ಇಟ್ಟುಕೊಳ್ಳಿ. ಬಾಗಿಲು ಕಾರಿನ ನಡುಮಧ್ಯದಿಂದ ಒಂದು ಮೀಟರ್ ದೂರದಲ್ಲಿದ್ದರೆ, ತಿರುಗುವುದರಿಂದ ಬಾಗಿಲಿಗೆ ಬರುವ ವೇಗ ಸೆಕೆಂಡಿಗೆ ಎರಡು ಮೀಟರ್, ಗಂಟೆಗೆ ಏಳೂವರೆ ಕಿಲೋಮೀಟರ್. ಬೇಗಬೇಗ ನಡೆಯುವ ಮನುಷ್ಯನ ವೇಗ ಅದು. ಹೆಚ್ಚಿನ ಅಪಾಯ ಇರೋದು ಕಾರು ಜಾರುತ್ತಿರುವ ವೇಗದಲ್ಲಿ. ಜಾರುವುದು ಮುಗಿದು ತಿರುಗುವುದು ಮಾತ್ರ ಉಳಿದ ಆ ಅರೆಗಳಿಗೆಯಲ್ಲಿ ಕಾಲು ಇಟ್ಟರೆ, ಕಾಗದದ ಮೇಲೆ ಆಗಬಹುದಾದ ಕೆಲಸ. ಹಿಂದಿನ ಚಕ್ರ ಕಾಲ ಮೇಲೆ ಹತ್ತದಿದ್ದರೆ.

ನೀವು ಇದನ್ನು ನಿಜವಾಗಿ ಮಾಡಬೇಕಾಗಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲ್ಲಾಡದಂತೆ ಬಿಗಿಯಿರಿ, ಫೋಕಸ್ಸು ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. ಮೊದಲು ಸಾಹಸ ಕಲಾವಿದ ಖಾಲಿ ಮೈದಾನದಲ್ಲಿ, ನೆಲಕ್ಕೆ ನೀರು ಹಾಕಿಸಿ, ಕಾರನ್ನು ತಿರುಗಿಸಿ ನಿಲ್ಲಿಸಲಿ. ಆಮೇಲೆ ಅದೇ ಚೌಕಟ್ಟಿನಲ್ಲಿ, ಕಾರು ಅದೇ ಜಾಗದಲ್ಲಿ ನಿಂತಿರುವಾಗ ನಿಮ್ಮ ನಟ ಇಳಿದು ನಡೆಯಲಿ. ಎರಡನ್ನೂ ಎಡಿಟಿಂಗ್‌ನಲ್ಲಿ ಬಾಗಿಲಿನ ಅಂಚಿಗೆ ಸರಿಯಾಗಿ ಕತ್ತರಿಸಿ ಸೇರಿಸಿ. ಕೆಡುವುದು ನೆರಳಿನಿಂದ. ಎರಡು ಶಾಟ್‌ಗಳ ನಡುವೆ ಅರ್ಧ ಗಂಟೆ ಹೋದರೆ ಬಿಸಿಲು ಸರಿದು, ಕಾರಿನ ನೆರಳು ಒಂದು ಕಡೆ, ನಟನ ನೆರಳು ಇನ್ನೊಂದು ಕಡೆ ಬೀಳುತ್ತೆ. ಮೋಡ ಮುಚ್ಚಿದ ದಿನ ಆರಿಸಿಕೊಳ್ಳಿ. ಇನ್ನೊಂದು ಮಾತು, ಇಳಿದ ನಟ ಹಿಂತಿರುಗಿ ಕಾರು ನೋಡಬಾರದು. ನೋಡಿದರೆ ಅವನಿಗೆ ಭಯ ಆಗಿತ್ತು ಅಂತ ಅರ್ಥ, ಶಾಟ್ ಸತ್ತಿತು.

ಹೆಲನ್ ಮಿರನ್ ಬಿಳಿ ಸಂಜೆಯುಡುಪಿನಲ್ಲಿ ಭಾರೀ ಮೆಷಿನ್‌ಗನ್ ಸುಡುವ ದೃಶ್ಯವೂ ಹೀಗೇ. ಪಾಯಿಂಟ್ ಐವತ್ತು ಬ್ರೌನಿಂಗ್ ಅಂದರೆ ಸುಮ್ಮನೆ ಅಲ್ಲ, ಬರೀ ಬಂದೂಕೇ 38 ಕೆ.ಜಿ. ಎತ್ತಿಕೊಂಡು ಸುಡುವಂತೆ ತೋರಿಸಿದ್ದರೆ ಅದು ಕಾರ್ಟೂನ್ ಆಗ್ತಿತ್ತು. ಅವರು ಮಾಡಿದ್ದು, ಬಂದೂಕನ್ನು ಸ್ಟ್ಯಾಂಡಿಗೆ ಕೂರಿಸಿ, ಆಕೆಯನ್ನು ಅದರ ಹಿಂದೆ ನೆಟ್ಟಗೆ ನಿಲ್ಲಿಸಿದ್ದು. ಹಲ್ಲು ಕಚ್ಚಿಲ್ಲ, ಕಿರುಚಿಲ್ಲ. ಹೂದಾನಿ ಸರಿ ಮಾಡುವಾಗಿನ ಮುಖವೇ ಇಲ್ಲೂ. ಆ ಮುಖ ಸ್ವಲ್ಪ ಬದಲಾಗಿದ್ದರೂ ಜನ ಬಂದೂಕು ನೋಡ್ತಿದ್ದರು, ಈಗ ಅವಳನ್ನು ನೋಡುತ್ತಾರೆ.

ಪೂರ್ತಿ ಸುಳ್ಳಾದ ದೃಶ್ಯವೂ ಒಂದಿದೆ. ಹೆಂಗಸೊಬ್ಬಳು ಮಾರ್ವಿನ್ ಕಡೆ ರಾಕೆಟ್ ಹಾರಿಸುತ್ತಾಳೆ, ಅವನು ರಿವಾಲ್ವರಿನಿಂದ ಅದನ್ನೇ ಗಾಳಿಯಲ್ಲಿ ಹೊಡೆದು ಸಿಡಿಸುತ್ತಾನೆ. ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ-7 ರಾಕೆಟ್ಟಿನ ಸಿಡಿತಲೆಯ ವ್ಯಾಸ 85 ಮಿ.ಮೀ. ಹೊರಡುವಾಗಲೇ ಸೆಕೆಂಡಿಗೆ 115 ಮೀಟರ್ ವೇಗ, ಸ್ವಲ್ಪ ದೂರ ಹೋದ ಮೇಲೆ ಅದರ ಮೋಟಾರು ಹೊತ್ತಿ 300ರ ಹತ್ತಿರ ಹೋಗುತ್ತೆ. ಮೂವತ್ತು ಮೀಟರಿನಲ್ಲಿ ನಿಂತವನಿಗೆ ಸಿಗುವುದು ಕಾಲು ಸೆಕೆಂಡಿಗಿಂತ ಕಡಿಮೆ. ಕಂಡದ್ದಕ್ಕೆ ಕೈ ಅಲ್ಲಾಡಿಸೋಕೇ ಮನುಷ್ಯನಿಗೆ ಅಷ್ಟು ಹೊತ್ತು ಹಿಡಿಯುತ್ತೆ. ಹಾಗಾದರೆ ಜನ ಯಾಕೆ ಸಿಳ್ಳೆ ಹೊಡೆದರು?

ಯಾಕೆಂದರೆ ಅದಕ್ಕೆ ಮುಂಚೆ ಇದೇ ಹೆಂಗಸನ್ನು ಮಾರ್ವಿನ್ ಅಡ್ಡಗಟ್ಟಿ, ನೀನು ನಮ್ಮ ಹಿಂದೆ ಬಿದ್ದಿದ್ದೀಯ ಅಂತ ರಂಪ ಮಾಡಿದ್ದ. ಎಲ್ಲರೂ ಅವನಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದರು, ನಾವೂ ಸೇರಿ. ಅವನಿಗೆ ಹನ್ನೊಂದು ವರ್ಷ ದಿನಾ ಎಲ್‌ಎಸ್‌ಡಿ ಕೊಟ್ಟಿದ್ದರು ಅಂತ ಬೇರೆ ಹೇಳಿಟ್ಟಿದ್ದಾರೆ. ಈಗ ಅವಳೇ ರಾಕೆಟ್ ಹಿಡಿದು ಬಂದಾಗ ಅವನ ಮಾತು ನಿಜವಾಯಿತು. ನಾವು ಅವನಿಗೆ ಒಂದು ಬಾಕಿ ಉಳಿಸಿಕೊಂಡಿದ್ದೆವು, ಆ ಬಾಕಿಯಲ್ಲಿ ಈ ಸುಳ್ಳನ್ನು ಒಪ್ಪಿಕೊಂಡೆವು. ಇಡೀ ಚಿತ್ರಕ್ಕೆ ಇಂಥದ್ದು ಒಂದು ಸಾಕು. ಎರಡನೆಯದು ಹಾಕಿದರೆ ಮೊದಲನೆಯದೂ ಹೋಗುತ್ತೆ.

ಖಳನ ವಿಷಯ ಬೇಗ ಮುಗಿಸುತ್ತೇನೆ. ಫ್ರಾಂಕನ ಬೆನ್ನಟ್ಟುವ ಕೂಪರ್ ಪಾತ್ರ ಮಾಡಿದ ಕಾರ್ಲ್ ಅರ್ಬನ್‌ಗೆ ಆಗ 38. ಅವನ ಪರಿಚಯವೇ ಒಬ್ಬನನ್ನು ನೇಣಿಗೆ ಹಾಕಿ ಆತ್ಮಹತ್ಯೆ ಅನ್ನಿಸುವಂತೆ ಮಾಡುತ್ತಾ, ಫೋನಿನಲ್ಲಿ ಹೆಂಡತಿ ಜೊತೆ ಮನೆ ವಿಚಾರ ಮಾತಾಡೋದು. ಅಂದರೆ ಅವನೂ ಕಸುಬುದಾರ. ನಿಮ್ಮ ಮುದುಕ ಹೆಡ್ಡರನ್ನು ಸೋಲಿಸಿದರೆ ಅದಕ್ಕೆ ಬೆಲೆ ಇಲ್ಲ. ಹಾಗೇ, ಯಾರಾದರೊಬ್ಬರು ನಿಜವಾಗಿ ಸಾಯಬೇಕು. ಜೋ ಒಮ್ಮೆ ಸತ್ತಂತೆ ಮಾಡಿ ಎದ್ದು ಬರುತ್ತಾನೆ, ಆಗ ನಗುತ್ತೇವೆ. ಎರಡನೇ ಸಲ ‘ಫ್ರಾಂಕ್ ನಾನೇ’ ಅಂತ ಹೊರಗೆ ಹೋಗಿ ಗುಂಡಿಗೆ ಎದೆ ಕೊಡುತ್ತಾನೆ, ಏಳುವುದಿಲ್ಲ. ಅಲ್ಲಿಂದ ಮುಂದೆ ಬಂದೂಕಿಗೆ ತೂಕ ಬರುತ್ತೆ.

ಸುಮಾರು 58 ಮಿಲಿಯನ್ ಡಾಲರ್‌ನಲ್ಲಿ ತೆಗೆದ ಚಿತ್ರ ಜಗತ್ತಿನಾದ್ಯಂತ 199 ಮಿಲಿಯನ್ ಹತ್ತಿರ ಗಳಿಸಿತು, ಗೋಲ್ಡನ್ ಗ್ಲೋಬ್‌ನ ಹಾಸ್ಯ ಮತ್ತು ಸಂಗೀತ ಚಿತ್ರಗಳ ವಿಭಾಗಕ್ಕೆ ನಾಮನಿರ್ದೇಶನವೂ ಸಿಕ್ಕಿತು. 2013ರ ಎರಡನೇ ಭಾಗಕ್ಕೆ ಹೆಚ್ಚು ದುಡ್ಡು ಸುರಿದರು, ಆಂಟನಿ ಹಾಪ್ಕಿನ್ಸ್ ಬಂದರು, ಪ್ಯಾರಿಸ್, ಲಂಡನ್, ಮಾಸ್ಕೋ ಸುತ್ತಿದರು, ಗಳಿಕೆ ಮಾತ್ರ ಇಳಿಯಿತು. ನನಗನಿಸುವುದು, ಅಲ್ಲಿ ನಿವೃತ್ತಿಯೇ ಮರೆತುಹೋಗಿದೆ. ಪಿಂಚಣಿ ಕಚೇರಿ ಇಲ್ಲ, ಖಾಲಿ ಮನೆ ಇಲ್ಲ. ವಯಸ್ಸಾದ ಯಾವುದೋ ನಾಯಕರು ಯಾವುದೋ ಬಾಂಬ್ ಹುಡುಕುತ್ತಿದ್ದಾರೆ, ಅಷ್ಟೇ.

ಇದೇ ಕಥೆ ನಮ್ಮ ಜಿಲ್ಲೆಯಲ್ಲಿ ನಡೆದರೆ? ಚೆಕ್ಕು ಬಿಡಿ, ನಮ್ಮಲ್ಲಿ ಅದಕ್ಕಿಂತ ಒಳ್ಳೇ ಸಾಮಗ್ರಿ ಇದೆ. ಕೇಂದ್ರದ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆ ಅಂತ ಜೀವಿತ ಪ್ರಮಾಣಪತ್ರ ಕೊಡಬೇಕು. 80 ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು. ಬೆರಳಚ್ಚು ಯಂತ್ರದ ಮೇಲೆ ಬೆರಳಿಡಬೇಕು, ವಯಸ್ಸಾದವರ ಬೆರಳಿನ ಗೆರೆ ಸವೆದು ಯಂತ್ರ ಒಪ್ಪುವುದಿಲ್ಲ, ಕೊನೆಗೆ ಮುಖ ತೋರಿಸಿ ಮಾಡಿಸಬೇಕು. ಇಡೀ ಆಯುಷ್ಯ ಮುಖ ಮುಚ್ಚಿಕೊಂಡು ಬದುಕಿದ ಗೂಢಚಾರ, ಬೆರಳ ಗುರುತನ್ನು ಬೇಕಂತಲೇ ಅಳಿಸಿಕೊಂಡವನು, ಬ್ಯಾಂಕಿನ ಕೌಂಟರಿನಲ್ಲಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸುತ್ತಾ ನಿಂತಿದ್ದಾನೆ! ಮತ್ತೊಂದು, 2021ರ ಮೇ 31ರ ಪಿಂಚಣಿ ನಿಯಮದ ತಿದ್ದುಪಡಿ ಪ್ರಕಾರ ಗುಪ್ತಚರ ಸಂಸ್ಥೆಗಳಲ್ಲಿ ದುಡಿದವರು ಸಂಸ್ಥೆಯ ಮುಖ್ಯಸ್ಥರ ಅನುಮತಿ ಇಲ್ಲದೆ ಆ ಕೆಲಸದ ಬಗ್ಗೆ ಏನನ್ನೂ ಪ್ರಕಟಿಸುವಂತಿಲ್ಲ. ಮೀರಿದರೆ ಪಿಂಚಣಿಗೇ ಕತ್ತರಿ ಬೀಳಬಹುದು. ಆತ್ಮಕಥೆ ಬರೆಯುವ ಚಪಲ ಇರೋ ಒಬ್ಬ ಮುದುಕನನ್ನು ಕಲ್ಪಿಸಿಕೊಳ್ಳಿ. ಕಥೆ ಅರ್ಧ ಸಿದ್ಧ.

ಬಾಣಲೆ ದೃಶ್ಯಕ್ಕೆ ಬದಲಾಗಿ ತಿಪಟೂರು ಕಡೆಯ ಮನೆ ಅಟ್ಟ ಇಟ್ಟುಕೊಳ್ಳಿ. ಉಂಡೆ ಕೊಬ್ಬರಿಗೆ ತೆಂಗಿನಕಾಯನ್ನು ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಬಿಡುತ್ತಾರೆ. ನೀರು ಇಂಗಿ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟರೆ ಅಲ್ಲಾಡಿಸಿದಾಗ ಲೊಟಲೊಟ ಅನ್ನುತ್ತೆ, ಹಸಿ ಕಾಯಿ ಹಾಗೆ ಸದ್ದು ಮಾಡಲ್ಲ. ಕತ್ತಲಲ್ಲಿ ಕೊಲೆಗಾರ ಅಟ್ಟ ಹತ್ತುತ್ತಾನೆ. ಯಜಮಾನನಿಗೆ ಯಾವ ಮೂಲೆಯಲ್ಲಿ ಯಾವ ತಿಂಗಳ ಕಾಯಿ ಇದೆ ಅಂತ ಗೊತ್ತು. ಲೊಟಲೊಟ ಕೇಳಿದರೆ ಬಲಮೂಲೆ, ದಡಬಡ ಅಂದರೆ ಎಡಮೂಲೆ. ಕೆಳಗಿಂದಲೇ ಹಲಗೆ ಸಂದಿಗೆ ಕೋಲು ತೂರಿಸಿದರೆ ಮುಗೀತು. ಇದಕ್ಕೆ ಗ್ರಾಫಿಕ್ಸ್ ಬೇಡ, ಒಳ್ಳೇ ಮೈಕು ಬೇಕು. ಸದ್ದುಗಳನ್ನು ಬೇರೆಬೇರೆಯಾಗಿ, ಮೈಕನ್ನು ಒಂದು ಅಡಿ ದೂರದಲ್ಲಿಟ್ಟು ಮೊದಲೇ ಹಿಡಿದಿಟ್ಟುಕೊಳ್ಳಿ. ಶೂಟಿಂಗ್ ಹೊತ್ತಿನಲ್ಲಿ ಅಟ್ಟದ ಸದ್ದು ಸರಿಯಾಗಿ ಸಿಗುವುದಿಲ್ಲ.

ಇನ್ನು ವಯಸ್ಸಾದ ನಟರಿಂದ ಹೊಡೆದಾಟ ತೆಗೆಯೋದು. ಒಂದು ಏಟನ್ನು ಮೂರು ಶಾಟ್ ಮಾಡಿ. ನಟ ಶುರು ಮಾಡಲಿ, ಡ್ಯೂಪ್ ಬೆನ್ನು ತೋರಿಸಿ ಏಟು ಮುಗಿಸಲಿ, ಮತ್ತೆ ನಟನ ಮುಖ. ಕಟ್ ಬೀಳಬೇಕಾದ್ದು ತಿರುಗುವ ಚಲನೆಯ ಮಧ್ಯದಲ್ಲಿ, ನಿಂತ ಮೇಲೆ ಅಲ್ಲ. ಕೈ ಮತ್ತು ಮುಖದ ನಡುವೆ ಒಂದು ಗೇಣು ಜಾಗ ಇರಲಿ. 85 ಎಂಎಂ ಅಥವಾ ಮೇಲಿನ ಲೆನ್ಸ್ ಹಾಕಿ, ಏಟು ತಿನ್ನುವವನ ಬೆನ್ನ ಹಿಂದಿನಿಂದ ತೆಗೆದರೆ ಆ ಗೇಣು ಕಾಣುವುದಿಲ್ಲ. ಸೆಕೆಂಡಿಗೆ 24 ಫ್ರೇಮಿನ ಬದಲು 22ರಲ್ಲಿ ತೆಗೆದರೆ ಚಲನೆ ಶೇ 9ರಷ್ಟು ಚುರುಕಾಗುತ್ತೆ. ಮೊಬೈಲಿನಲ್ಲಿ ಅದು ಆಗದಿದ್ದರೆ ಎಡಿಟಿಂಗ್‌ನಲ್ಲಿ ವೇಗವನ್ನು ಶೇ 109ಕ್ಕೆ ಇಡಿ. ಅದಕ್ಕಿಂತ ಮೇಲೆ ಹೋದರೆ ಮೂಕಿ ಚಿತ್ರದ ಓಟ ಆಗುತ್ತೆ. ಶಟರ್ 1/100 ಇಡಿ. ಏಟು ಮಸುಕಾಗದೆ ಕಾಣುತ್ತೆ, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಕೆಳಗೂ ಮಿಣುಕುವುದಿಲ್ಲ.

ಬಂದೂಕು ಪೂರ್ತಿ ಆಟಿಕೆಯದೇ ಇರಲಿ, ಬೆಂಕಿ ಕಿಡಿಯನ್ನು ಎಡಿಟಿಂಗ್‌ನಲ್ಲಿ ಒಂದೇ ಫ್ರೇಮಿಗೆ ಸೇರಿಸಿ. ಎರಡು ಫ್ರೇಮ್ ಆದರೆ ಟಾರ್ಚ್ ಹಚ್ಚಿದ ಹಾಗೆ ಕಾಣುತ್ತೆ. ಬೀದಿಯಲ್ಲಿ ತೆಗೆಯುವುದಾದರೆ ಆಟಿಕೆ ಬಂದೂಕಿದ್ದರೂ ಠಾಣೆಗೆ ಮೊದಲೇ ಬರೆದು ಕೊಡಿ.

ನಿಮ್ಮ ನಾಯಕ ಪಂಚೆ ಉಟ್ಟವನಾದರೆ ಸೊಂಟಕ್ಕೆ ವೆಲ್ಕ್ರೋ ಹೊಲಿಸಿ, ಒಳಗೆ ಚಡ್ಡಿ ಮತ್ತು ಮಂಡಿ ಪ್ಯಾಡ್ ಹಾಕಿಸಿ. ಪಂಚೆ ಎತ್ತಿ ಕಟ್ಟಿದರೆ ಪ್ಯಾಡ್ ಕಾಣುತ್ತೆ, ಹಾಗಾಗಿ ಆ ಶಾಟಿಗೆ ಪ್ಯಾಡ್ ಬಿಚ್ಚಿಸಿ, ಬೀಳುವ ಶಾಟಿಗೆ ಪಂಚೆ ಇಳಿಬಿಡಿಸಿ. ಕನ್ನಡಕದ ಗಾಜು ತೆಗೆಸಿ, ಇಲ್ಲದಿದ್ದರೆ ನಿಮ್ಮ ಲೈಟು, ನೀವು, ಟೀ ಹುಡುಗ ಎಲ್ಲರೂ ಅದರಲ್ಲಿ ಕಾಣುತ್ತೀರಿ. ಮೆಟ್ಟಿಲು ಹತ್ತುವ ಶಾಟಿಗಿಂತ ಇಳಿಯುವ ಶಾಟು ಮಂಡಿಗೆ ಕಷ್ಟ, ಅದನ್ನು ಡ್ಯೂಪ್‌ಗೆ ಕೊಡಿ. ಹೊಡೆದಾಟವೆಲ್ಲ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಲಿ. ಅರ್ಧ ವೇಗದಲ್ಲಿ ಅಭ್ಯಾಸ ಎಷ್ಟು ಸಲ ಬೇಕಾದರೂ ಮಾಡಿಸಿ, ಪೂರ್ತಿ ವೇಗದಲ್ಲಿ ಮೂರೇ ಟೇಕ್. ನಾಲ್ಕನೇದು ಕೇಳಬೇಕು ಅನಿಸಿದರೆ ತಪ್ಪು ನಟನದ್ದಲ್ಲ, ನೀವು ಒಂದು ಶಾಟಿನಲ್ಲಿ ಜಾಸ್ತಿ ಏಟು ತುಂಬಿದ್ದೀರಿ. ಎರಡು ತೆಗೆದುಹಾಕಿ.